ಸಣ್ಣ ದೋಣಿಗೆ ಯಾವ ಲಂಗರು? ಕೆರೆ, ಹಿನ್ನೀರಿಗೆ ಇಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು 10ರಿಂದ 16 ಅಡಿ ಉದ್ದದ ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿ, ಗಾಳಿ ತುಂಬುವ ದೋಣಿ, ಕಯಾಕ್ ಇಟ್ಟುಕೊಂಡವರಿಗಾಗಿ ಬರೆದದ್ದು. ಗಾಳ ಹಾಕಲು, ಹಕ್ಕಿ ನೋಡಲು, ಇಲ್ಲವೇ ಸುಮ್ಮನೆ ಒಂದು ಸಂಜೆಯನ್ನು ನೀರಿನ ಮೇಲೆ ಕಳೆಯಲು ಹೋಗುವವರು ನೀವು. ಉದಾಹರಣೆಗಳಲ್ಲಿ ಹೆಚ್ಚಿನವು ಶರಾವತಿ ಹಿನ್ನೀರಿನವು, ಏಕೆಂದರೆ ನಾನು ಹೆಚ್ಚು ಕಾಲ ತೇಲಿದ್ದು ಅಲ್ಲಿಯೇ.

ಕೆರೆಯದು ನಿಂತ ನೀರು. ಅಲ್ಲಿ ಲಂಗರು ಏಕೆ ಬೇಕು?

ನೀರು ನಿಂತಿರುತ್ತದೆ, ಗಾಳಿ ನಿಂತಿರುವುದಿಲ್ಲ. ದೋಣಿಯನ್ನು ತಳ್ಳುವುದು ಗಾಳಿ. ಅದರ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅಮೆರಿಕದ ದೋಣಿ ತಯಾರಕರು ಬಳಸುವ ಲೆಕ್ಕದ ಪ್ರಕಾರ 20 ಅಡಿಯ ದೋಣಿಯ ಲಂಗರಿನ ಮೇಲೆ ಗಂಟೆಗೆ 28 ಕಿ.ಮೀ. ಗಾಳಿಯಲ್ಲಿ ಸುಮಾರು 40 ಕೆ.ಜಿ. ಎಳೆತ ಬೀಳುತ್ತದೆ, ಗಂಟೆಗೆ 55 ಕಿ.ಮೀ. ಗಾಳಿಯಲ್ಲಿ 160 ಕೆ.ಜಿ. ದಾಟುತ್ತದೆ. ನಿಮ್ಮ ದೋಣಿ ಚಿಕ್ಕದಾದರೆ ಈ ಅಂಕಿ ಇಳಿಯುತ್ತದೆ, ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಳೆಗೆ ಮುಂಚೆ ಏಳುವ ಗಾಳಿಗೆ ಯಾವ ದೋಣಿಯೂ ಚಿಕ್ಕದಲ್ಲ.

ಮೀನು ಸಿಗುವ ಜಾಗದಲ್ಲಿ ನಿಲ್ಲುವುದು ಲಂಗರಿನ ಒಂದು ಉಪಯೋಗ ಮಾತ್ರ. ಎಂಜಿನ್ ಕೈಕೊಟ್ಟಾಗ, ಹುಟ್ಟು ಮುರಿದಾಗ, ಬಂಡೆಗಳ ಕಡೆಗೆ ಅಥವಾ ಅಣೆಕಟ್ಟೆಯ ಕಡೆಗೆ ಸರಿಯುತ್ತಿರುವ ದೋಣಿಗೆ ಇರುವ ಒಂದೇ ಬ್ರೇಕ್ ಅದು. ಆದ್ದರಿಂದ ಲೈಫ್ ಜಾಕೆಟ್‌ನ ಜೊತೆಗೇ ಅದನ್ನೂ ದೋಣಿಗೆ ಹಾಕಿ.

ಒಂದು ದೊಡ್ಡ ಕಲ್ಲೋ, ಸಿಮೆಂಟ್ ತುಂಬಿದ ಬಕೆಟ್ಟೋ ಸಾಲದೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನಾನೂ ಹಲವು ವರ್ಷ ಹಾಗೆಯೇ ನಂಬಿದ್ದೆ.

ನೀರಿಗೆ ಬಿದ್ದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರಾಗುತ್ತದೆ. ಕಾಂಕ್ರೀಟ್ ನೀರಿಗಿಂತ ಸುಮಾರು 2.4 ಪಟ್ಟು ಸಾಂದ್ರ, ಹಾಗಾಗಿ ದಡದಲ್ಲಿ 20 ಕೆ.ಜಿ. ತೂಗುವ ಬಕೆಟ್ ತಳ ಸೇರಿದಾಗ 12 ಕೆ.ಜಿ.ಗಿಂತಲೂ ಕಡಿಮೆ. ಗ್ರಾನೈಟ್ ಕಲ್ಲು ತೂಕದ ಮೂರನೇ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಕಬ್ಬಿಣ ಕಳೆದುಕೊಳ್ಳುವುದು ಎಂಟನೇ ಒಂದು ಭಾಗ ಮಾತ್ರ. ಉಳಿದ ಆ 12 ಕೆ.ಜಿ.ಯೂ ನುಣ್ಣನೆಯ ಹೂಳಿನ ಮೇಲೆ ಜಾರುವಾಗ ಅಷ್ಟೇ ಬಲದ ಹಿಡಿತ ಕೊಡುವುದಿಲ್ಲ.

ಒಂದು ಮೇ ತಿಂಗಳಲ್ಲಿ ತುಮರಿ ಕಡೆಯ ಒಂದು ಕವಲಿನಲ್ಲಿ, 14 ಅಡಿಯ ಫೈಬರ್ ದೋಣಿಯಲ್ಲಿ ಇಬ್ಬರು ಕುಳಿತಿದ್ದೆವು. ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ, ಮೇಲೊಂದು ಸರಳಿನ ಬಳೆ ಹುಗಿದು ಮಾಡಿದ ಲಂಗರು ಕೆಳಗಿತ್ತು. ಮೂರು ಗಂಟೆಯ ಹೊತ್ತಿಗೆ ಪಶ್ಚಿಮದ ಗುಡ್ಡದ ಮೇಲೆ ಮೋಡ ಕಪ್ಪಿಟ್ಟಿತು. ಗಾಳಿ ಬಂದಾಗ ಹಗ್ಗ ಬಿಗಿಯಾಯಿತು, ದೋಣಿ ನಿಂತಿದೆ ಎಂದೇ ಅಂದುಕೊಂಡೆವು. ಆದರೆ ಹಗ್ಗದ ಮೇಲೆ ಕೈ ಇಟ್ಟಾಗ ಬೆರಳಿಗೆ ಒಂದು ಸಣ್ಣ ನಡುಕ ತಾಗುತ್ತಿತ್ತು, ಕೆಳಗೆ ಯಾರೋ ಗೋಣಿಚೀಲ ಎಳೆಯುತ್ತಿರುವ ಹಾಗೆ. ಡಬ್ಬಿ ತಳದ ಮೇಲೆ ಉರುಳುತ್ತಿತ್ತು. ಹತ್ತು ನಿಮಿಷದಲ್ಲಿ ನಾವು ನೂರು ಮೀಟರ್ ಸರಿದು, ನೀರಿನಿಂದ ಅರ್ಧ ಮೇಲೆದ್ದ ಮರದ ಬೊಡ್ಡೆಗಳ ನಡುವೆ ಸಿಕ್ಕಿಕೊಂಡೆವು. ದೋಣಿಯ ತಳ ಒಂದು ಕಡೆ ಸೀಳಿತು. ನೀರು ಸೊಂಟದ ಮಟ್ಟದಲ್ಲಿದ್ದುದರಿಂದ ನಡೆದು ದಡ ಸೇರಿದೆವು. ಹಗ್ಗದ ಆ ನಡುಕವನ್ನು ನಾನು ಇಂದಿಗೂ ಮರೆತಿಲ್ಲ. ನಿಮ್ಮ ಕೈಗೆ ಅದು ಎಂದಾದರೂ ತಾಗಿದರೆ, ಲಂಗರು ಹಿಡಿದಿಲ್ಲ ಎಂದು ಆ ಕ್ಷಣವೇ ತಿಳಿಯಿರಿ.

ತೂಕವಲ್ಲದಿದ್ದರೆ ಲಂಗರು ಹಿಡಿಯುವುದು ಯಾವುದರಿಂದ?

ನೇಗಿಲನ್ನು ನೆನೆಯಿರಿ. ಎತ್ತು ಮುಂದಕ್ಕೆ ಎಳೆದಾಗ ಗುಳ ನೆಲಕ್ಕೆ ಇಳಿಯುತ್ತದೆ, ಮೇಡಿಯನ್ನು ಮೇಲಕ್ಕೆತ್ತಿದರೆ ಸಾಲು ಬಿಟ್ಟು ಹೊರಗೆ ಬರುತ್ತದೆ. ಲಂಗರಿನ ಗುಟ್ಟೂ ಅಷ್ಟೇ. ಎಳೆತ ನೆಲಕ್ಕೆ ಸಮಾಂತರವಾಗಿದ್ದಷ್ಟೂ ಅದು ಆಳಕ್ಕೆ ಕಚ್ಚುತ್ತದೆ, ಮೇಲ್ಮುಖವಾದಷ್ಟೂ ಕಿತ್ತುಕೊಳ್ಳುತ್ತದೆ. ಮೂರು ಕೆ.ಜಿ.ಯ ಒಳ್ಳೆಯ ಲಂಗರು ಸರಿಯಾಗಿ ನೆಟ್ಟರೆ ತನ್ನ ತೂಕದ ಹತ್ತಾರು ಪಟ್ಟು ಎಳೆತ ತಡೆಯುತ್ತದೆ. ಅದೇ ಲಂಗರನ್ನು ಗಿಡ್ಡ ಹಗ್ಗದಲ್ಲಿ ನೆಟ್ಟಗೆ ಇಳಿಬಿಟ್ಟರೆ ಅದು ಬರೀ ಮೂರು ಕೆ.ಜಿ. ಕಬ್ಬಿಣ.

ಹಾಗಾದರೆ ಹಗ್ಗ ಎಷ್ಟು ಉದ್ದ ಬೇಕು?

ಆಳಕ್ಕೆ ದೋಣಿಯ ಮೂತಿಯ ಎತ್ತರವನ್ನೂ ಕೂಡಿಸಿ, ಅದರ ಏಳು ಪಟ್ಟು. ನೀವು ಎಚ್ಚರವಿದ್ದು, ಗಾಳಿ ಹಗುರಾಗಿದ್ದರೆ ಐದು ಪಟ್ಟು ಸಾಕು. ಗಾಳಿ ಜೋರಾದರೆ ಹತ್ತರವರೆಗೂ ಬಿಡಿ.

ನೀರು 4 ಮೀಟರ್, ಮೂತಿ ನೀರಿನಿಂದ ಅರ್ಧ ಮೀಟರ್ ಮೇಲೆ ಎಂದುಕೊಳ್ಳಿ. ಒಟ್ಟು 4.5 ಮೀಟರ್, ಅದರ ಏಳು ಪಟ್ಟು 31.5 ಮೀಟರ್. ಹೊಸಬರು ಇದನ್ನು ಕೇಳಿ ಬೆಚ್ಚುತ್ತಾರೆ. ಆದರೆ ಏಳು ಪಟ್ಟು ಬಿಟ್ಟಾಗ ಬಿಗಿದ ಹಗ್ಗ ನೆಲದೊಂದಿಗೆ ಮಾಡುವ ಕೋನ 8 ಡಿಗ್ರಿ, ಎರಡೇ ಪಟ್ಟು ಬಿಟ್ಟರೆ 30 ಡಿಗ್ರಿ. 30 ಡಿಗ್ರಿಯಲ್ಲಿ ನೀವು ನೇಗಿಲನ್ನು ಎತ್ತಿ ಹಿಡಿದಿದ್ದೀರಿ ಎಂದೇ ಅರ್ಥ.

ನೀರಿನ ಮೇಲೆ ಟೇಪು ಹಿಡಿಯುವವರು ಯಾರೂ ಇಲ್ಲ, ಅದಕ್ಕೆ ನಮ್ಮ ಹಳೆಯ ಮಾರು ಇದೆ. ಎರಡೂ ತೋಳು ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಒಂದು ಮಾರು, ಹೆಚ್ಚುಕಡಿಮೆ ಆರು ಅಡಿ. ಸಮುದ್ರದವರ ಫ್ಯಾದಮ್ ಎಂಬ ಅಳತೆಯೂ ಇದೇ. ಲಂಗರು ತಳ ಮುಟ್ಟಿದಾಗ ಎರಡು ಮಾರು ಹಗ್ಗ ಹೋಗಿದ್ದರೆ, ಮೂತಿಯ ಎತ್ತರವನ್ನೂ ಸೇರಿಸಿ ಒಟ್ಟು ಹದಿನಾರು ಮಾರು ಬಿಡಿ. ಹಗ್ಗಕ್ಕೆ ಎರಡೆರಡು ಮಾರಿಗೆ ಒಂದು ಬಣ್ಣದ ಬಟ್ಟೆ ಕಟ್ಟಿಟ್ಟರೆ ಎಣಿಸುವ ಕೆಲಸವೂ ತಪ್ಪುತ್ತದೆ. ಸಣ್ಣ ದೋಣಿಗೆ 50 ಮೀಟರ್ ಹಗ್ಗ ಕೊಂಡರೆ ನೆಮ್ಮದಿ.

ಒಂದು ಎಚ್ಚರಿಕೆ: ಗಾಳಿ ದಿಕ್ಕು ಬದಲಿಸಿದಾಗ ದೋಣಿ ಅಷ್ಟು ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಆ ವೃತ್ತದೊಳಗೆ ಬಂಡೆ, ಬೊಡ್ಡೆ, ಮೀನುಗಾರರ ಬಲೆ ಇರಬಾರದು.

ಸರಪಳಿ ಕಡ್ಡಾಯವೇ?

ನನ್ನ ಮಟ್ಟಿಗೆ ಹೌದು. 6 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 0.8 ಕೆ.ಜಿ. ತೂಗುತ್ತದೆ. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೂರು ಮೀಟರ್ ಸೇರಿಸಿದರೆ ಅದು ನೆಲದ ಮೇಲೆ ಮಲಗಿ, ಲಂಗರಿನ ಕಂಬವನ್ನು, ಅಂದರೆ ತುದಿಯಲ್ಲಿ ಬಳೆಯಿರುವ ಅದರ ಉದ್ದನೆಯ ದಂಡವನ್ನು, ಕೆಳಗೆ ಒತ್ತಿ ಹಿಡಿಯುತ್ತದೆ. ಕಲ್ಲಿಗೆ ಉಜ್ಜಿ ಹರಿಯಬೇಕಾದ ಜಾಗದಲ್ಲಿ ಹಗ್ಗ ಇರುವುದೇ ಇಲ್ಲ. ಗಾಳಿ ತುಂಬುವ ದೋಣಿಯಿದ್ದರೆ ಸರಪಳಿಯನ್ನು ಬಟ್ಟೆಯ ಚೀಲದಲ್ಲಿಡಿ, ರಬ್ಬರಿಗೆ ಉಜ್ಜಲು ಬಿಡಬೇಡಿ.

ಲಂಗರಿನಲ್ಲಿ ಎಷ್ಟು ಬಗೆ? ಯಾವ ತಳಕ್ಕೆ ಯಾವುದು?

ಸಣ್ಣ ದೋಣಿಗೆ ಹೊಂದುವುದು ನಾಲ್ಕೈದು ಬಗೆ.

ಅಣಬೆ ಲಂಗರು ಹೆಸರಿನಂತೆಯೇ ತಲೆಕೆಳಗಾದ ಅಣಬೆಯ ಹಾಗಿರುತ್ತದೆ. ಚೂಪು ಇಲ್ಲ, ದೋಣಿಗೆ ಗಾಯ ಮಾಡುವುದಿಲ್ಲ, ಮಕ್ಕಳಿರುವ ದೋಣಿಗೆ ಒಳ್ಳೆಯದು. ಹೂಳು ತುಂಬಿದ ಊರ ಕೆರೆಯಲ್ಲಿ, ಗಾಳಿ ಇಲ್ಲದ ಬೆಳಗಿನಲ್ಲಿ ನಾಲ್ಕೈದು ಕೆ.ಜಿ.ಯದು ಕೆಲಸ ಮಾಡುತ್ತದೆ. ಗಟ್ಟಿ ನೆಲದಲ್ಲಿ ಅದು ಜಾರುತ್ತದೆ. ಅದನ್ನು ನಂಬಿ ದೊಡ್ಡ ಹಿನ್ನೀರಿಗೆ ಹೋಗಬೇಡಿ.

ಎರಡು ಅಗಲವಾದ ಚಪ್ಪಟೆ ಎಲೆಗಳು ಒಂದು ಕಂಬದ ಅಕ್ಕಪಕ್ಕ ಆಡುವಂತಿರುವ ಲಂಗರಿಗೆ ಡ್ಯಾನ್‌ಫೋರ್ತ್ ಎಂದು ಹೆಸರು. 1940ರ ಸುಮಾರಿಗೆ ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ್ದು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಇಳಿಸಲು ಮರಳ ದಂಡೆಗೆ ನುಗ್ಗಿದ ಹಡಗುಗಳು, ಹಿಂದೆ ಹಾಕಿಬಂದ ಇಂಥ ಲಂಗರಿನ ಹಗ್ಗವನ್ನು ಎಳೆದುಕೊಂಡೇ ಮತ್ತೆ ನೀರಿಗೆ ಸರಿಯುತ್ತಿದ್ದವು. ಮರಳು, ಜೇಡಿ, ಗಟ್ಟಿ ಕೆಸರಿನಲ್ಲಿ ತೂಕಕ್ಕೆ ತಕ್ಕ ಹಿಡಿತದಲ್ಲಿ ಇದನ್ನು ಮೀರಿಸುವುದು ಕಷ್ಟ. 14 ಅಡಿಯ ದೋಣಿಗೆ ಮೂರರಿಂದ ನಾಲ್ಕು ಕೆ.ಜಿ. ಸಾಕು, ಮಡಚಿದರೆ ಚಪ್ಪಟೆಯಾಗಿ ಹಲಗೆಯ ಕೆಳಗೆ ಸೇರುತ್ತದೆ. ದಟ್ಟ ಜಲಕಳೆಯ ಮೇಲೆ ಅದು ತೇಲಿದಂತೆ ಜಾರುತ್ತದೆ, ಬಂಡೆಯ ಮೇಲೆ ಹಿಡಿಯುವುದಿಲ್ಲ. ಎಲೆಗಳ ನಡುವೆ ಒಂದು ಕಲ್ಲು ಸಿಕ್ಕಿದರೂ ಅವು ಆಡುವುದಿಲ್ಲ, ಆಗ ಎತ್ತಿ ತೊಳೆದು ಮತ್ತೆ ಹಾಕಬೇಕು.

ನಾಲ್ಕು ಕೊಕ್ಕೆಯ ಮಡಚುವ ಲಂಗರನ್ನು ನೋಡಿದರೆ ನಿಮಗೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ನೆನಪಾಗುತ್ತದೆ. ಕೆಲಸವೂ ಅದರದೇ: ಏನಾದರೊಂದಕ್ಕೆ ಸಿಕ್ಕಿಸಿಕೊಳ್ಳುವುದು. ಬಂಡೆ, ಬೇರು, ಕಳೆ ಇದ್ದಲ್ಲಿ ಒಳ್ಳೆಯದು. ಸಿಕ್ಕಿಸಿಕೊಳ್ಳಲು ಏನೂ ಇಲ್ಲದ ನುಣುಪು ಕೆಸರಿನಲ್ಲಿ ಕೊಕ್ಕೆಗಳು ಗೆರೆ ಎಳೆಯುತ್ತಾ ಹೋಗುತ್ತವೆ.

ನೇಗಿಲು ಲಂಗರನ್ನು 1933ರಲ್ಲಿ ರೂಪಿಸಿದವರು ಬ್ರಿಟನ್ನಿನ ವಿಜ್ಞಾನಿ ಜಿ.ಐ. ಟೇಲರ್. ದ್ರವಗಳ ಚಲನೆಯ ಬಗ್ಗೆ ದೊಡ್ಡ ಕೆಲಸ ಮಾಡಿದ ಅವರು ಹಾಯಿದೋಣಿಯ ಹುಚ್ಚಿದ್ದವರು. ಅದೂ, ಉಗುರಿನ ಆಕಾರದ ಬ್ರೂಸ್ ಲಂಗರೂ ಬಹುಪಾಲು ತಳಗಳಿಗೆ ಹೊಂದುತ್ತವೆ, ಗಾಳಿ ತಿರುಗಿದಾಗ ತಾವೂ ತಿರುಗಿ ಮತ್ತೆ ಕಚ್ಚುತ್ತವೆ. ಆದರೆ ಮಡಚಲಾಗದು, ಸಣ್ಣ ಗಾತ್ರದಲ್ಲಿ ಹಿಡಿತ ಕಡಿಮೆ. 16 ಅಡಿಗಿಂತ ದೊಡ್ಡ ದೋಣಿಯಿದ್ದರೆ ಯೋಚಿಸಿ.

ಒಂದೇ ಒಂದು ಕೊಳ್ಳಬೇಕಾದರೆ?

ಮರಳು, ಜೇಡಿ, ಕೆಸರಿನ ತಳಕ್ಕೆ ಡ್ಯಾನ್‌ಫೋರ್ತ್ ಮಾದರಿ. ಮುಳುಗಿದ ಕಾಡಿನ ಹಿನ್ನೀರಿಗೆ ಬಾಗುವ ಸರಳಿನ ಕೊಕ್ಕೆ. ಅದರ ಬಗ್ಗೆ ಕೆಳಗೆ ಹೇಳಿದ್ದೇನೆ.

ತಳ ಹೇಗಿದೆ ಎಂದು ಮೇಲಿನಿಂದ ತಿಳಿಯುವುದು ಹೇಗೆ?

ನಮ್ಮ ಜಲಾಶಯಗಳು ಕೊಡುವ ಒಂದು ಅನುಕೂಲವನ್ನು ಬಹಳ ಮಂದಿ ಬಳಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತಳದ ಮೇಲೆ ನಡೆದು ನೋಡಬಹುದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಏಪ್ರಿಲ್, ಮೇ ಹೊತ್ತಿಗೆ ನೀರು ಎಷ್ಟು ಕೆಳಗೆ ಹೋಗುತ್ತದೆಂದರೆ, 1964ರಲ್ಲಿ ಈ ಅಣೆಕಟ್ಟೆ ಎದ್ದಾಗ ಮುಳುಗಿದ ಹಿರೇಭಾಸ್ಕರದ ಹಳೆಯ ಅಣೆಕಟ್ಟೆ ಕೆಲವು ವರ್ಷ ಮತ್ತೆ ಕಾಣಿಸಿಕೊಳ್ಳುತ್ತದೆ. ಆಗ ನಿಮ್ಮ ಮೆಚ್ಚಿನ ಕವಲಿಗೆ ಹೋಗಿ. ಎಲ್ಲಿ ಕೆಂಪು ಜಂಬಿಟ್ಟಿಗೆ, ಎಲ್ಲಿ ಬಿರುಕು ಬಿಟ್ಟ ಜೇಡಿ, ಎಲ್ಲಿ ಮುಳುಗಡೆಯ ಕಾಲದ ಕಪ್ಪು ಬೊಡ್ಡೆಗಳ ಸಾಲು, ಎಲ್ಲಿ ಯಾರದೋ ಮನೆಯ ಅಡಿಪಾಯ ಎಂದು ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಆ ಮನೆಗಳನ್ನು ಬಿಟ್ಟು ಹೋದವರು ಇನ್ನೂ ಸುತ್ತಲ ಊರುಗಳಲ್ಲಿದ್ದಾರೆ. ಹಿರಿಯರನ್ನು ಕೇಳಿದರೆ ಯಾವ ತೋಟ ಎಲ್ಲಿತ್ತು, ಯಾವ ಗದ್ದೆ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸುತ್ತಾರೆ. ಹಳೆಯ ಗದ್ದೆಯ ಮಣ್ಣು ಲಂಗರಿಗೆ ಬಹಳ ಒಳ್ಳೆಯದು. ಕಬಿನಿ ಮತ್ತು ಸೂಪಾ ಹಿನ್ನೀರಿನಲ್ಲಿಯೂ ಒಣಗಿದ ಮರಗಳು ನೀರಿನಿಂದ ಎದ್ದು ನಿಂತಿರುವುದು ಕಾಣುತ್ತದೆ. ಕಂಡದ್ದಕ್ಕಿಂತ ಕಾಣದ್ದು ಹೆಚ್ಚು ಎಂದುಕೊಂಡೇ ಲಂಗರು ಬಿಡಿ.

ನೀರು ತುಂಬಿರುವಾಗ ಹಳೆಯ ನಾವಿಕರ ಉಪಾಯ ಮಾಡಿ. ದಾರಕ್ಕೆ ಒಂದು ಸೀಸದ ಗುಂಡು ಕಟ್ಟಿ, ಅದರ ಅಡಿಗೆ ಗ್ರೀಸ್ ಅಥವಾ ಮೆತ್ತಗಾದ ಸಾಬೂನು ಮೆತ್ತಿ ತಳಕ್ಕೆ ಇಳಿಸಿ. ಮರಳಿದ್ದರೆ ಕಣಗಳು ಅಂಟಿಕೊಂಡು ಬರುತ್ತವೆ, ಕೆಸರಿದ್ದರೆ ಕೆಸರು, ಬಂಡೆಯಾದರೆ ಏನೂ ಬರುವುದಿಲ್ಲ. ಆಳವೂ ಅದರಿಂದಲೇ ತಿಳಿಯುತ್ತದೆ.

ಲಂಗರು ಮುಳುಗಿದ ಬೊಡ್ಡೆಗೆ ಸಿಕ್ಕಿಕೊಂಡರೆ?

ಹಿನ್ನೀರಿನಲ್ಲಿ ಇದು ಆಗಿಯೇ ಆಗುತ್ತದೆ, ಆದ್ದರಿಂದ ಮೊದಲೇ ಸಿದ್ಧರಾಗಿ. ಸರಪಳಿಯನ್ನು ಲಂಗರಿನ ತುದಿಯ ಬಳೆಗೆ ಹಾಕುವ ಬದಲು ಅದರ ಬುಡಕ್ಕೆ, ಅಂದರೆ ಎಲೆಗಳು ಕೂಡುವ ಕಡೆಗೆ ಶ್ಯಾಕಲ್ (ತಿರುಪಿನಿಂದ ಮುಚ್ಚುವ U ಆಕಾರದ ಕಬ್ಬಿಣದ ಕೊಂಡಿ) ಹಾಕಿ ಜೋಡಿಸಿ. ಆಮೇಲೆ ಸರಪಳಿಯನ್ನು ಕಂಬದ ಉದ್ದಕ್ಕೂ ತಂದು ತುದಿಯ ಬಳೆಗೆ ಒಂದೆರಡು ಪ್ಲಾಸ್ಟಿಕ್ ಕೇಬಲ್ ಟೈಗಳಿಂದ ಬಿಗಿಯಿರಿ. ಮಾಮೂಲು ಎಳೆತ ಬಳೆಯಿಂದಲೇ ಬೀಳುತ್ತದೆ. ಸಿಕ್ಕಿಕೊಂಡಾಗ ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತಂದು ಜೋರಾಗಿ ಎಳೆದರೆ ಟೈ ಹರಿಯುತ್ತದೆ, ಲಂಗರು ಬುಡದಿಂದ ಹಿಮ್ಮುಖವಾಗಿ ಬಿಡಿಸಿಕೊಂಡು ಬರುತ್ತದೆ. ಐವತ್ತು ಪೈಸೆಯ ಟೈ ಹೋಗುತ್ತದೆ, ಲಂಗರು ಉಳಿಯುತ್ತದೆ. ಗಾಳಿ ಜೋರಿರುವಾಗ ಅಥವಾ ರಾತ್ರಿ ನಿಲ್ಲುವಾಗ ಮಾತ್ರ ಈ ಉಪಾಯ ಬೇಡ, ಟೈ ತಾನಾಗಿಯೇ ಹರಿಯಬಹುದು.

ಇನ್ನೊಂದು ದಾರಿ ವೆಲ್ಡಿಂಗ್ ಅಂಗಡಿಯದು. ಒಂದಡಿ ಉದ್ದದ ಜಿ.ಐ. ಪೈಪಿಗೆ ಮನೆ ಕಟ್ಟಲು ಬಳಸುವ 8 ಮಿ.ಮೀ. ಸರಳಿನ ನಾಲ್ಕು ತುಂಡು ಬೆಸೆದು, ಕೊಕ್ಕೆಯಂತೆ ಬಗ್ಗಿಸಿ. ಬೊಡ್ಡೆಗೆ ಸಿಕ್ಕರೆ ಹಗ್ಗವನ್ನು ದೋಣಿಗೆ ಕಟ್ಟಿ ನಿಧಾನವಾಗಿ ಎಳೆಯಿರಿ, ಸರಳು ನೆಟ್ಟಗಾಗಿ ಬಿಡಿಸಿಕೊಳ್ಳುತ್ತದೆ. ದಡಕ್ಕೆ ಬಂದು ಮೊಣಕಾಲಿಗೆ ಒತ್ತಿ ಮತ್ತೆ ಬಗ್ಗಿಸಿಕೊಂಡರೆ ಆಯಿತು. 12 ಮಿ.ಮೀ. ಸರಳು ಹಾಕಿಸಬೇಡಿ, ಅದು ಬಾಗುವುದಿಲ್ಲ, ದೋಣಿಯೇ ವಾಲುತ್ತದೆ.

ಯಾವುದೂ ಆಗದಿದ್ದರೆ ಹಗ್ಗ ಕತ್ತರಿಸಿ. ಹರಿತವಾದ ಚಾಕು ಕೈಗೆ ಸಿಗುವಲ್ಲಿರಲಿ. ಲಂಗರಿಗಾಗಿ ನೀರಿಗೆ ಧುಮುಕಬೇಡಿ, ಆ ಬೊಡ್ಡೆಗಳ ನಡುವೆ ಹಳೆಯ ಬಲೆಗಳೂ ಇರುತ್ತವೆ.

ಹಗ್ಗ ನೈಲಾನೋ, ಪ್ಲಾಸ್ಟಿಕ್ಕೋ?

ನೈಲಾನ್. ಅದು ಹಿಗ್ಗುತ್ತದೆ, ಅಲೆಯ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ, ನೀರಿನಲ್ಲಿ ಮುಳುಗುತ್ತದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ನೀಲಿ, ಹಳದಿ ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಪಕ್ಕದ ದೋಣಿಯ ಎಂಜಿನ್ನಿಗೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. 8 ಮಿ.ಮೀ. ನೈಲಾನ್ ಹಗ್ಗ ಟನ್ನಿಗೂ ಹೆಚ್ಚು ಎಳೆತ ತಡೆಯುತ್ತದೆ. ಆದರೂ 10 ಮಿ.ಮೀ. ಕೊಳ್ಳಿ, ಒದ್ದೆ ಕೈಗೆ ತೆಳ್ಳನೆಯ ಹಗ್ಗ ಕುಯ್ಯುತ್ತದೆ.

ದೋಣಿಯ ಹಿಂಭಾಗಕ್ಕೆ ಕಟ್ಟಿದರೆ ಎತ್ತುವುದು ಸುಲಭ. ಹಾಗೆ ಮಾಡಬಹುದೇ?

ಮಾಡಬೇಡಿ. ದೋಣಿಯ ಮೂತಿ ಅಲೆ ಸೀಳಲು ಎತ್ತರವಾಗಿರುತ್ತದೆ, ಹಿಂಭಾಗ ತಗ್ಗು, ಅಲ್ಲಿಯೇ ಎಂಜಿನ್ನಿನ ಭಾರ, ಅಲ್ಲಿಯೇ ನೀವು. ಹಿಂದಿನಿಂದ ಲಂಗರು ಎಳೆದು ಹಿಡಿದಾಗ ಅಲೆಗಳು ನೇರವಾಗಿ ದೋಣಿಯೊಳಗೆ ಬರುತ್ತವೆ. ಬಂದ ನೀರಿನ ತೂಕಕ್ಕೆ ಹಿಂಭಾಗ ಇನ್ನೂ ತಗ್ಗುತ್ತದೆ, ಮುಂದಿನ ಅಲೆ ಇನ್ನೂ ಹೆಚ್ಚು ನೀರು ತರುತ್ತದೆ. ಸಣ್ಣ ದೋಣಿ ಮುಳುಗಲು ನಾಲ್ಕೈದು ಅಲೆ ಸಾಕು. ಎಂಥ ಒಳ್ಳೆಯ ಲಂಗರು ಕೊಂಡರೂ ಈ ಒಂದು ತಪ್ಪು ಎಲ್ಲವನ್ನೂ ಹಾಳು ಮಾಡುತ್ತದೆ. ಮೂತಿಗೇ ಕಟ್ಟಿ.

ಕಯಾಕ್‌ಗೆ?

1.5 ಕೆ.ಜಿ.ಯ ಮಡಚುವ ಕೊಕ್ಕೆ ಲಂಗರು, 6 ಮಿ.ಮೀ. ಹಗ್ಗ. ಪಕ್ಕಕ್ಕೆ ಎಂದಿಗೂ ಕಟ್ಟಬಾರದು, ಕಯಾಕ್ ಮಗುಚುತ್ತದೆ. ಮೂತಿಯಿಂದ ಹಿಂಭಾಗಕ್ಕೆ ರಾಟೆಯ ಮೇಲೆ ಓಡುವ ಹಗ್ಗ ಹಾಕಿಕೊಂಡರೆ, ಕುಳಿತಲ್ಲಿಂದಲೇ ಲಂಗರಿನ ಹಗ್ಗವನ್ನು ತುದಿಗೆ ಸರಿಸಬಹುದು. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದಿರಲಿ. ಹರಿಯುವ ಹೊಳೆಯಲ್ಲಿ ಕಯಾಕ್‌ನಿಂದ ಲಂಗರು ಬಿಡುವುದೇ ಬೇಡ.

ಲಂಗರನ್ನು ಎಸೆಯಬೇಕೋ, ಇಳಿಸಬೇಕೋ?

ಇಳಿಸಬೇಕು. ಎಸೆದರೆ ಸರಪಳಿ ಲಂಗರಿಗೇ ಸುತ್ತಿಕೊಳ್ಳುತ್ತದೆ. ನಿಲ್ಲಬೇಕಾದ ಜಾಗಕ್ಕಿಂತ ಗಾಳಿ ಬರುವ ಕಡೆಗೆ ಮುಂದೆ ಹೋಗಿ, ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲಿಸಿ, ಲಂಗರು ತಳ ಮುಟ್ಟುವವರೆಗೂ ಕೈಯಿಂದ ಬಿಡಿ. ದೋಣಿ ಹಿಂದಕ್ಕೆ ಸರಿಯುತ್ತಿದ್ದಂತೆ ಹಗ್ಗ ಕೊಡುತ್ತಾ ಹೋಗಿ. ಬೇಕಾದಷ್ಟು ಹೋದ ಮೇಲೆ ಮೂತಿಯ ಗೂಟಕ್ಕೆ ಬಿಗಿದು, ಎಂಜಿನ್ ಇದ್ದರೆ ರಿವರ್ಸಿನಲ್ಲಿ ಮೆಲ್ಲಗೆ ಎಳೆದು ನೆಡಿ, ಇಲ್ಲದಿದ್ದರೆ ಹುಟ್ಟಿನಿಂದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಅದನ್ನು ಬಕೆಟ್ಟಿನಲ್ಲಿ ಸುರುಳಿ ಹಾಕಿಟ್ಟರೆ ಕಾಲಿಗೂ ತೊಡಕುವುದಿಲ್ಲ.

ಹಿಡಿದಿದೆಯೇ ಎಂದು ನೋಡಲು ದೋಣಿಯ ಮಗ್ಗುಲಿಗಿರುವ ದಡದಲ್ಲಿ ಒಂದರ ಹಿಂದೆ ಒಂದಿರುವ ಎರಡು ಗುರುತು ಆರಿಸಿ: ಮುಂದೊಂದು ಬೊಡ್ಡೆ, ಹಿಂದೊಂದು ವಿದ್ಯುತ್ ಕಂಬ. ಅವೆರಡೂ ಒಂದೇ ಸಾಲಿನಲ್ಲಿ ಉಳಿದರೆ ನೀವು ನಿಂತಿದ್ದೀರಿ. ಒಂದರಿಂದೊಂದು ದೂರ ಸರಿಯುತ್ತಾ ಹೋದರೆ ಇನ್ನಷ್ಟು ಹಗ್ಗ ಬಿಡಿ, ಅದಕ್ಕೂ ನಿಲ್ಲದಿದ್ದರೆ ಎತ್ತಿ ಮತ್ತೆ ಹಾಕಿ.

ಇವೆಲ್ಲ ಎಲ್ಲಿ ಸಿಗುತ್ತವೆ?

ಮಲ್ಪೆ ಬಂದರು, ಮಂಗಳೂರಿನ ಧಕ್ಕೆಯ ಸುತ್ತಲಿನ ಮೀನುಗಾರಿಕೆ ಸಾಮಗ್ರಿಯ ಅಂಗಡಿಗಳಲ್ಲಿ ಹಗ್ಗ, ಸರಪಳಿ, ಶ್ಯಾಕಲ್ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಟ್ರಾಲ್ ದೋಣಿಯ ದೊಡ್ಡ ಲಂಗರು ತೋರಿಸಿದರೆ ಮರುಳಾಗಬೇಡಿ, ನಾಡದೋಣಿಯ ಗಾತ್ರ ಕೇಳಿ. ಸಿಹಿನೀರಿಗೆ ಸ್ಟೇನ್‌ಲೆಸ್ ಸ್ಟೀಲಿನ ದುಬಾರಿ ವೆಚ್ಚ ಬೇಡ, ಸತುವಿನ ಲೇಪನವಿರುವ ಕಬ್ಬಿಣ ವರ್ಷಗಟ್ಟಲೆ ಬರುತ್ತದೆ.

ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ಅಲ್ಲಿಗೂ ಇದೇ ಸಲಹೆಯೇ?

ಹಗ್ಗ, ಸರಪಳಿಯ ಲೆಕ್ಕ ಅದೇ. ಅಲ್ಲಿಯ ಸರೋವರಗಳು ಹಿಮನದಿಗಳು ಕೆತ್ತಿದವು, ಮರಳು, ಜಲ್ಲಿ, ಕಳೆ ಹೆಚ್ಚು. ಡ್ಯಾನ್‌ಫೋರ್ತ್ ಮಾದರಿ ಮರಳಿಗೆ ಚೆನ್ನಾಗಿ ಹೊಂದುತ್ತದೆ. ಒಂದು ವ್ಯತ್ಯಾಸ ಮುಖ್ಯ: ಝೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಮತ್ತು ಹೊರಗಿನ ಜಲಕಳೆ ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಗಳ ಜೊತೆ ಹೋಗುವುದನ್ನು ತಡೆಯಲು ಅಲ್ಲಿ ಕಾನೂನಿದೆ. ಲಂಗರು, ಸರಪಳಿಗೆ ಅಂಟಿದ ಕಳೆ ತೆಗೆಯದೆ, ದೋಣಿಯ ನೀರು ಬಸಿಯದೆ ರಸ್ತೆಗೆ ಹೋಗುವಂತಿಲ್ಲ. ಅಂತರಗಂಗೆ ತುಂಬಿದ ನಮ್ಮ ಕೆರೆಗಳನ್ನು ನೋಡಿದಾಗ ಇದನ್ನು ಇಲ್ಲಿಯೂ ಪಾಲಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ದಡದಲ್ಲಿಯೇ ಒಂದು ಕೊಡ ನೀರು ಸುರಿದು ಉಜ್ಜಿದರೆ ಮುಗಿಯುತ್ತದೆ.

ಎಲ್ಲಿ ಬೇಕಾದರೂ ಲಂಗರು ಹಾಕಬಹುದೇ?

ಇಲ್ಲ. ಜಲಾಶಯಕ್ಕೆ ದೋಣಿ ಇಳಿಸುವ ಮುನ್ನ ಅದನ್ನು ನೋಡಿಕೊಳ್ಳುವ ನಿಗಮದ ಅನುಮತಿ ಕೇಳಿ. ಭದ್ರಾ, ಕಬಿನಿಯಂತೆ ಅರಣ್ಯಕ್ಕೆ ಸೇರಿದ ನೀರಿನಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅಣೆಕಟ್ಟೆ, ತೂಬು, ವಿದ್ಯುದಾಗಾರಕ್ಕೆ ನೀರು ಎಳೆಯುವ ಜಾಗದ ಹತ್ತಿರ ಸುಳಿಯಲೇಬೇಡಿ.

ಮನೆಗೆ ಬಂದ ಮೇಲೆ ಏನು ನೋಡಬೇಕು?

ಹಗ್ಗವನ್ನು ನೆರಳಿನಲ್ಲಿ ಒಣಗಿಸಿ, ಉಜ್ಜಿ ಎಳೆ ಎದ್ದ ಜಾಗ ಹುಡುಕಿ. ಶ್ಯಾಕಲ್ಲಿನ ತಿರುಪು ನೀರಿನ ಅಲುಗಾಟಕ್ಕೆ ತಾನಾಗಿಯೇ ಸಡಿಲವಾಗುತ್ತದೆ. ಅದರ ಕಣ್ಣಿಗೆ ಒಂದು ತುಂಡು ಜಿ.ಐ. ತಂತಿ ತೂರಿಸಿ ಬಿಗಿದು ತಿರುಚಿ. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯೇ ಎಂದು ಮುಂದಿನ ಸಲ ಹೊರಡುವ ಮೊದಲು ಒಮ್ಮೆ ಎಳೆದು ನೋಡಿ.